ಅಂಜಿಕೆಯ ಬೇರು

ವಿಜಯಪುರದಿಂದ ಸೊಲ್ಲಾಪುರದ ಕಡೆ ಹೋಗುವ ಹೆದ್ದಾರಿಯಲ್ಲಿ ಹೊರ್ತಿ ಸಿಗುತ್ತದೆ. ಊರಿನ ದೈವ ರೇವಣಸಿದ್ಧೇಶ್ವರ. ಈ ಭಾಗದ ಏತ ನೀರಾವರಿ ಯೋಜನೆಗೂ ಅವನದೇ ಹೆಸರು. ಸುತ್ತಲಿನ ಇಂಡಿ ತಾಲೂಕು ಲಿಂಬೆಯ ಸೀಮೆ. 2023ರಲ್ಲಿ ‘ಇಂಡಿ ಲಿಂಬೆ’ಗೆ ಜಿಐ ಟ್ಯಾಗ್ ಕೂಡ ಬಂತು. ಚೀಲಗಟ್ಟಲೆ ಮಾರುಕಟ್ಟೆಗೆ ಹೋಗುವ ಈ ಹಣ್ಣಿಗೆ ಮನೆಯಲ್ಲಿ ಇನ್ನೊಂದು ಕೆಲಸವಿದೆ. ಮಗು ನಿದ್ದೆಯಲ್ಲಿ ಬೆಚ್ಚಿಬಿದ್ದರೆ, ಹೊಲದಿಂದ ಬಂದವರು ‘ಎದಿ ಡವಡವ ಅಂತದ’ ಎಂದರೆ, ಹಿರಿಯರು ಲಿಂಬೆಹಣ್ಣು ನಿವಾಳಿಸಿ ಒಗೆಯುತ್ತಾರೆ. ಕೊರಳಿಗೆ ತಾಯತ, ಹಣೆಗೆ ವಿಭೂತಿ. ಈಗೀಗ ಅದರ ಜೊತೆಗೆ ಹಾಲಿನಲ್ಲಿ ಕದಡಿದ ಒಂದು ಚಮಚ ಅಶ್ವಗಂಧದ ಬೇರಿನ ಪುಡಿಯೂ ಸೇರಿದೆ.

ಇಲ್ಲೇ ಹಳೆಯದೊಂದು ಪ್ರಶ್ನೆ ಏಳುತ್ತದೆ. ಬೇರು ತಿಂದರೆ ಅಂಜಿಕೆ ಹೋಗುವುದಾದರೆ, ಅಂಜಿಕೆಯೆಂಬುದು ಆತ್ಮದ ಅಜ್ಞಾನವೋ, ನರಗಳ ನಡುಕವೋ?

ಬೃಹದಾರಣ್ಯಕ ಉಪನಿಷತ್ತಿನ ಆದಿಪುರುಷ ಒಂಟಿಯಾಗಿದ್ದಾಗ ಹೆದರುತ್ತಾನೆ. ನನ್ನ ಹೊರತು ಇನ್ನೊಂದಿಲ್ಲವಲ್ಲ, ಮತ್ತೆ ಯಾರಿಗೆ ಅಂಜಲಿ ಎಂದು ಯೋಚಿಸಿದಾಗ ಆ ಭಯ ಹೋಗುತ್ತದೆ. ಎರಡನೆಯದು ಇದೆ ಎಂಬ ಭಾವವೇ ಭಯದ ಮೂಲ ಎನ್ನುವುದು ಅಲ್ಲಿಯ ತೀರ್ಮಾನ. ಇದನ್ನು ಅರ್ಧ ಕೇಳಿದವರು, ಅಂಜುವವನಿಗೆ ಭಕ್ತಿ ಸಾಲದು ಎಂದುಬಿಡುತ್ತಾರೆ. ಮೊದಲೇ ನಡುಗುತ್ತಿರುವ ಜೀವದ ಮೇಲೆ ನಾಚಿಕೆಯ ಹೊರೆಯನ್ನೂ ಹೇರಿದಂತಾಗುತ್ತದೆ. ಪತಂಜಲಿ ಹಾಗೆ ಹೇಳಲಿಲ್ಲ. ಬದುಕಿಗೆ ಅಂಟಿಕೊಳ್ಳುವ, ಸಾವಿಗೆ ಅಂಜುವ ‘ಅಭಿನಿವೇಶ’ ವಿದ್ವಾಂಸನಲ್ಲೂ ತಾನೇ ತಾನಾಗಿ ಹರಿಯುತ್ತದೆ ಎಂದ. ಅಂಜಿಕೆ ಅಪರಾಧವಲ್ಲ ಎಂಬುದಕ್ಕೆ ಯೋಗಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಚರಕಸಂಹಿತೆ ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಮಂತ್ರ, ಮಣಿ, ಹೋಮ, ಹರಕೆಗಳದ್ದು ದೈವವ್ಯಪಾಶ್ರಯ. ಆಹಾರ, ಔಷಧಗಳದ್ದು ಯುಕ್ತಿವ್ಯಪಾಶ್ರಯ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಡಿದು ನಿಲ್ಲಿಸುವುದು ಸತ್ತ್ವಾವಜಯ. ಹೊರ್ತಿಯ ಮನೆಯಲ್ಲಿ ಲಿಂಬೆಯೂ ಪುಡಿಯೂ ಒಟ್ಟಿಗೇ ಇರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದೇ ಚರಕ ಉನ್ಮಾದದ ಮಾತು ಬಂದಾಗ ದೇವತೆ, ಪಿಶಾಚಿಗಳ ಮೇಲೆ ಹೊಣೆ ಹೊರಿಸಬೇಡಿ, ಮೂಲ ಪ್ರಜ್ಞಾಪರಾಧದಲ್ಲಿದೆ, ಅಂದರೆ ನಮ್ಮದೇ ತಿಳಿವಿನ ತಪ್ಪಿನಲ್ಲಿದೆ ಎಂದು ಖಚಿತವಾಗಿ ಹೇಳುತ್ತಾನೆ. ಹನ್ನೆರಡನೆಯ ಶತಮಾನದ ಶರಣರಲ್ಲೂ ಒಬ್ಬ ವೈದ್ಯನಿದ್ದ, ವೈದ್ಯ ಸಂಗಣ್ಣ. ರೋಗ, ಔಷಧ, ಪಥ್ಯದ ಮಾತುಗಳಲ್ಲೇ ಅವನು ಅನುಭಾವ ಹೇಳಿದ. ಬಸವಣ್ಣನ ಬಾಗೇವಾಡಿ ಇರುವ ಈ ಜಿಲ್ಲೆಯಲ್ಲಿ ನೆನೆಯಬೇಕಾದ ಹೆಸರು ಅದು: ಅವನಿಗೆ ಕಾಯಕ ಬೇರೆ, ಭಕ್ತಿ ಬೇರೆ ಆಗಿರಲಿಲ್ಲ.

ಹಾಗಾದರೆ ಬೇರಿಗೆ ನಿಜಕ್ಕೂ ಗುಣವಿದೆಯೇ? ಇದೆ.

ಕನ್ನಡದಲ್ಲಿ ಹಿರೇಮದ್ದು ಎನಿಸಿಕೊಂಡ ಅಶ್ವಗಂಧದ ಮೇಲೆ 2012ರಲ್ಲಿ ಭಾರತದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪರೀಕ್ಷೆಯೊಂದು ಪ್ರಕಟವಾಯಿತು. ಮಾನಸಿಕ ಒತ್ತಡದಲ್ಲಿದ್ದ 64 ಮಂದಿ, 60 ದಿನ. ಬೇರಿನ ಸಾರ ತೆಗೆದುಕೊಂಡವರಲ್ಲಿ ಸುಳ್ಳು ಮಾತ್ರೆ ನುಂಗಿದವರಿಗಿಂತ ಒತ್ತಡ ಹೆಚ್ಚು ಇಳಿದಿತ್ತು. ಭರವಸೆಯ ಸಂಗತಿಯೇ, ಆದರೆ ಚಿಕ್ಕ ಪರೀಕ್ಷೆ. ಅದೇ ಬೇರು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಯಕೃತ್ತಿಗೆ ಪೆಟ್ಟು ಕೊಟ್ಟ ವರದಿಗಳೂ ಇವೆ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಬ್ರಾಹ್ಮಿಯದು ಇನ್ನೊಂದು ಗೊಂದಲ. ನಮ್ಮಲ್ಲಿ ಒಂದೆಲಗಕ್ಕೂ ಬ್ರಾಹ್ಮಿ ಎನ್ನುತ್ತಾರೆ, ನೀರುಬ್ರಾಹ್ಮಿಗೂ ಬ್ರಾಹ್ಮಿ ಎನ್ನುತ್ತಾರೆ. ಎರಡೂ ಬೇರೆ ಬೇರೆ ಗಿಡ.

ಸರ್ಪಗಂಧಿಯ ಕಥೆಯಂತೂ ಎಲ್ಲರೂ ತಿಳಿಯಬೇಕಾದದ್ದು. ಚಿತ್ತಭ್ರಮೆಗೂ ರಕ್ತದೊತ್ತಡಕ್ಕೂ ಅದು ಮದ್ದು ಎಂದು 1931ರಲ್ಲಿ ಕಲ್ಕತ್ತೆಯ ಸೇನ್ ಮತ್ತು ಬೋಸ್ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಆ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿತು. ಆಧುನಿಕ ಮನೋವೈದ್ಯದ ಮೊದಮೊದಲ ಔಷಧಗಳಲ್ಲಿ ಒಂದಾದ ಅದು, ಕೆಲವರಲ್ಲಿ ತೀವ್ರ ಖಿನ್ನತೆ ಕಾಣಿಸಿಕೊಂಡಿತೆಂಬ ವರದಿಗಳು ಬಂದ ಮೇಲೆ ಹಿಂದೆ ಸರಿಯಿತು. ನೂರಾರು ವರ್ಷ ಬಳಕೆಯಲ್ಲಿತ್ತು ಎಂದ ಮಾತ್ರಕ್ಕೆ ಬೇರು ನಿರಪಾಯವಾಗುವುದಿಲ್ಲ. ಪೂಜ್ಯವಾದದ್ದಕ್ಕೂ ಪ್ರಮಾಣ ಬೇಕು.

ಫೋಬಿಯಾದ ಮಾತು ಬೇರೆ. ಬಾವಿಗೆ, ನಾಯಿಗೆ, ಮುಚ್ಚಿದ ಕೋಣೆಗೆ, ಜನರ ಗುಂಪಿಗೆ ಅಂಜುವವರು ಅದನ್ನು ತಪ್ಪಿಸಿದಷ್ಟೂ ಅಂಜಿಕೆ ಬಲಿಯುತ್ತದೆ. ಪುಡಿ ನಿದ್ದೆ ತಂದೀತು, ಎದೆಬಡಿತ ತಗ್ಗಿಸೀತು. ಬಾವಿಯ ಬಳಿಗೆ ಕರೆದೊಯ್ಯಲಾರದು. ನುರಿತವರ ಜೊತೆ ಒಂದೊಂದೇ ಹೆಜ್ಜೆ ಇಟ್ಟು ಅಂಜಿಕೆಯ ಎದುರು ನಿಲ್ಲುವುದೇ ಇದಕ್ಕೆ ಇಂದಿನ ಮುಖ್ಯ ಚಿಕಿತ್ಸೆ. ಸತ್ತ್ವಾವಜಯ ಎಂಬ ಮಾತಿನಲ್ಲಿರುವ ‘ಜಯ’ವನ್ನು ಈ ಅರ್ಥದಲ್ಲಿ ಓದುವುದೇ ಸರಿ. ವಿಭೂತಿ ಹಚ್ಚಿಕೊಂಡು ಆ ಹೆಜ್ಜೆ ಇಡುವವರಿಗೆ ದೇವರು ಅಡ್ಡಬರುವುದಿಲ್ಲ.

ಭಯ ದೇಹದ್ದೂ ಹೌದು, ಮನಸ್ಸಿನದ್ದೂ ಹೌದು, ನಂಬಿಕೆಯದ್ದೂ ಹೌದು. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸಿದಾಗಲೇ ತೊಂದರೆ. ಆದ್ದರಿಂದ ಅಶ್ವಗಂಧ ತೆಗೆದುಕೊಳ್ಳುವವರು, ಅದರಲ್ಲೂ ಗರ್ಭಿಣಿಯರು ಮತ್ತು ಥೈರಾಯ್ಡ್, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು, ಮೊದಲು ವೈದ್ಯರಿಗೆ ತಿಳಿಸಲಿ. ದೂರ ಹೋಗಲಾರದವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ. ಸಂಖ್ಯೆ 14416.