ಮಧುಚಂದ್ರದ ಖರ್ಚು ಯಾರ ಲೆಕ್ಕಕ್ಕೆ?

ನನ್ನ ಅಕ್ಕನ ಮಗನ ಮದುವೆ ಹೋದ ಮಾಘದಲ್ಲಾಯಿತು. ಅದಕ್ಕೆ ಇನ್ನೂ ಒಂದು ತಿಂಗಳಿರುವಾಗ ಒಂದು ರಜೆಯ ದಿನ ಅವನು ಕುಠ್ಠಾಳಿಯ ದಂಡೆಯಲ್ಲಿ ಫೆರಿ ಹತ್ತಿ ಜುವಾರಿ ದಾಟಿ ಮಡ್ಕಯಿಯ ನಮ್ಮ ಮನೆಗೆ ಬಂದ. ಚಹಾ ಕುಡಿದ ಮೇಲೆ ಕಿಸೆಯಿಂದ ಒಂದು ಹಾಳೆ ತೆಗೆದು ಮುಂದಿಟ್ಟ. ಬಿಡದಿಯ ವಂಡರ್‌ಲಾ, ಅದಕ್ಕೆ ಹೊಂದಿಕೊಂಡ ರೆಸಾರ್ಟಿನಲ್ಲಿ ಎರಡು ರಾತ್ರಿ. ರೈಲಿನ ಖರ್ಚು, ಪಾರ್ಕಿನ ಟಿಕೆಟು, ರೂಮಿನ ಬಾಡಿಗೆ, ಎಲ್ಲಾ ಒಂದರ ಕೆಳಗೊಂದು. ಊಟದ ಸಾಲಿನಲ್ಲಿ ಮಾತ್ರ ಎರಡು ಪ್ರಶ್ನೆ ಚಿಹ್ನೆ: ರಾತ್ರಿ ಬಫೆಯೋ, ಬೇಕಾದ್ದು ಹೇಳಿ ತರಿಸಿಕೊಳ್ಳುವುದೋ? ಕೆಳಗೆ ಮೊತ್ತ 32,000.

"ಮಾಮಾ, ಅವ್ವ ಬೈತಾಳ. ನೀ ಒಂದ್ ಮಾತ್ ಹೇಳು ಆಕಿಗೆ" ಅಂದ.

ಇವನು ದಕ್ಷಿಣ ಗೋವಾದ ಕಡಲತೀರದ ಒಂದು ಹೋಟೆಲಿನಲ್ಲಿ ಅಡುಗೆಯವನು. ವರ್ಷವಿಡೀ ಅವನ ಕೈಯಡುಗೆ ಉಣ್ಣುವವರಲ್ಲಿ ಹೊಸದಾಗಿ ಮದುವೆಯಾದ ಜೋಡಿಗಳೇ ಬಹಳ. ಇಡೀ ದೇಶ ಮಧುಚಂದ್ರಕ್ಕೆ ಗೋವಾಕ್ಕೆ ಬರುತ್ತದೆ, ಗೋವಾದಲ್ಲಿ ದುಡಿಯುವ ನಮ್ಮ ಹುಡುಗ ಬೆಂಗಳೂರಿನ ಹತ್ತಿರ ಹೋಗಬೇಕೆನ್ನುತ್ತಾನೆ. ನಾನು ನಕ್ಕು, ಮನೆಯ ಮುಂದೇ ಸಮುದ್ರ ಇಟ್ಟುಕೊಂಡು ಪ್ಲಾಸ್ಟಿಕ್ ಜಾರುಬಂಡೆ ಯಾಕೋ ಅಂತ ಕೇಳಿದೆ. ಅವನು ನಗಲಿಲ್ಲ. "ಇಲ್ಲಿ ಯಾ ಹೋಟೆಲ್‌ಗೆ ಹೋದ್ರೂ ಒಳಗ ನಮ್ಮವರ ಇರ್ತಾರ ಮಾಮಾ. ನನಗ ಅಲ್ಲಿ ಕುಂತು ಉಣ್ಣಾಕ ಆಗೂದಿಲ್ಲ" ಅಂದ.

ಅವನ ಮಾತು ನನಗೆ ತಟ್ಟಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ ಕಡೆಯಿಂದ ಬಂದ ನಮ್ಮ ಜನ ಗೋವಾದಲ್ಲಿ ಕಟ್ಟಡ ಕಟ್ಟಿದ್ದಾರೆ, ಪಾತ್ರೆ ತೊಳೆದಿದ್ದಾರೆ, ಮೀನಿನ ಬುಟ್ಟಿ ಹೊತ್ತಿದ್ದಾರೆ. ಮಡ್ಕಯಿಯ ಕೈಗಾರಿಕಾ ವಸಾಹತಿನಲ್ಲಿ ಪಾಳಿ ಮುಗಿಸಿ ಬರುವವರಲ್ಲೂ ಕನ್ನಡದ ಮಾತು ಕೇಳುತ್ತದೆ. ಇಲ್ಲಿಯ ನವದುರ್ಗೆಯೂ ವಲಸೆ ಬಂದವಳೇ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಕಾಟಕ್ಕೆ ತಿಸವಾಡಿಯ ಗಾವಂಶಿಯಿಂದ ಅವಳನ್ನು ಹೊತ್ತು ತಂದರು. ಅವಳಿಗೆ ಗುಡಿ ಸಿಕ್ಕಿತು. ನಮಗೆ ಕೆಲಸ ಸಿಕ್ಕಿತು, ಅದೂ ದೊಡ್ಡದೇ. ಆದರೆ ಸುಖಪಡಲು ಅಂತ ಬರುವವರ ಸಾಲಿನಲ್ಲಿ ನಾವು ಯಾವತ್ತೂ ನಿಂತವರಲ್ಲ.

ಅಕ್ಕನಿಗೆ ಫೋನು ಮಾಡಿದೆ. ಅವಳು ಒಂದೇ ಮಾತಿನಲ್ಲಿ ಮುಗಿಸಿದಳು: "ಮನಿ ಸೋರಾಕತ್ತೈತಿ, ಇವರಿಗೆ ನೀರಾಗ ಆಡೂದು ಬೇಕಾಗೈತಿ!"

ಮಾತು ಸುಳ್ಳಲ್ಲ. ಊರಿನ ಮನೆಯ ಹಿಂದಿನ ಖೋಲಿಯ ಮಾಳಿಗೆ ಎರಡು ಮಳೆಗಾಲದಿಂದ ಸೋರುತ್ತಿದೆ. ಮದುವೆಗೆ ಮಾಡಿದ ಸಾಲವೂ ತಲೆಯ ಮೇಲಿದೆ. ಇಂಥಾದ್ದರಲ್ಲಿ ಇಬ್ಬರ ಎರಡು ದಿನದ ಮೋಜಿಗೆ 32,000 ಅಂದರೆ ಯಾವ ತಾಯಿ ಹೂಂ ಅಂತಾಳೆ? ನಾನೂ ಅಕ್ಕನ ಕಡೆಗೇ ವಾಲಿದೆ. ಆ ರಾತ್ರಿ ಅವನಿಗೆ ಬುದ್ಧಿ ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಜೋಡಿಸುತ್ತ ಹೋದಂತೆ ನನ್ನ ಮಾತು ನನಗೇ ಸಡಿಲವೆನಿಸಿತು.

ಆ ಮದುವೆಯ ಸಾಲ ಯಾತಕ್ಕೆ ಮಾಡಿದ್ದು? 800 ಜನಕ್ಕೆ ಊಟ. ಪೆಂಡಾಲು, ಬ್ಯಾಂಡು, ಬೀಗರಿಗೆ ಆಯೇರಿ. ಅದನ್ನು ಯಾರೂ ದುಂದು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ನಾನೇ ನಿಂತು, ಇನ್ನೊಂದು ಸಿಹಿ ಇರಲಿ, ಇಲ್ಲದಿದ್ದರೆ ಜನ ಏನಂದಾರು ಅಂತ ಹೇಳಿದವನು. ಊರಿಗೆ ಉಣಿಸಿದ್ದು ದಾಸೋಹವಲ್ಲವೇ ಅಂತ ಯಾರಾದರೂ ಕೇಳಬಹುದು. ದಾಸೋಹ ಮಾಡುವವನು ಉಂಡವರ ಹೆಸರು ಬರೆದಿಡುವುದಿಲ್ಲ. ನಾವು ಆಯೇರಿಯ ವಹಿ ಬರೆದಿಟ್ಟಿದ್ದೇವೆ, ಯಾರು ಬಂದರು, ಯಾರು ಬರಲಿಲ್ಲ, ಯಾರು ಎಷ್ಟು ಕೊಟ್ಟರು. ನಾವು ಕೊಂಡದ್ದು ಮಾನ. ಸಾಲ ಮಾಡಿ ಮಾನ ಕೊಂಡರೆ ಸೈ, ಕೂಡಿಸಿದ ಪಗಾರದಲ್ಲಿ ಎರಡು ದಿನದ ಸಂತೋಷ ಕೊಂಡರೆ ದುಂದು. ಇದು ಎಲ್ಲಿಯ ಲೆಕ್ಕ? ಹುಡುಗನ 32,000ದಲ್ಲಿ ಸಾಲದ ಒಂದು ರೂಪಾಯಿಯೂ ಇರಲಿಲ್ಲ. ಎರಡು ವರ್ಷ ಹೆಚ್ಚಿನ ಪಾಳಿ ಮಾಡಿ ಉಳಿಸಿದ್ದು.

ಬಡವರ ಸುಖಕ್ಕೆ ಯಾವಾಗಲೂ ಒಬ್ಬ ಪಂಚ ಇರುತ್ತಾನೆ. ಶ್ರೀಮಂತ ಮಾಲ್ಡೀವ್ಸಿಗೆ ಹೋದರೆ ಫೋಟೋ ನೋಡಿ ಚೆಂದ ಅನ್ನುತ್ತೇವೆ. ನಮ್ಮವನೇ ಹೋಗುತ್ತೇನೆಂದರೆ ಮಾಳಿಗೆ ನೆನಪಾಗುತ್ತದೆ. ಮಾಳಿಗೆ ರಿಪೇರಿಯಾದ ಮೇಲೆ ಎಮ್ಮೆ ನೆನಪಾಗುತ್ತದೆ, ಎಮ್ಮೆ ಬಂದ ಮೇಲೆ ಕೂಸಿನ ಶಾಲೆ. ನಮ್ಮ ಹಿರಿಯರು ಹೇಳಿದ ನಾಲ್ಕು ಪುರುಷಾರ್ಥಗಳಲ್ಲಿ ಕಾಮವೂ ಒಂದು. ಅರ್ಥ ಪೂರ್ತಿ ಮುಗಿದ ಮೇಲೇ ಅದು ಶುರುವಾಗಬೇಕೆಂದು ನಾನಂತೂ ಎಲ್ಲೂ ಕೇಳಿಲ್ಲ.

ಮಧುಚಂದ್ರ ಅನ್ನುವ ಮಾತು ನಮ್ಮದಲ್ಲ, ಇಂಗ್ಲಿಷಿನಿಂದ ಬಂದದ್ದು. ಅಲ್ಲಿಯೂ 16ನೆಯ ಶತಮಾನದಲ್ಲಿ ಅದು ಪ್ರವಾಸದ ಹೆಸರಾಗಿರಲಿಲ್ಲ. ಮದುವೆಯ ಮೊದಲ ದಿನಗಳ ಸಿಹಿ ಹುಣ್ಣಿಮೆಯ ಚಂದ್ರನಂತೆ, ತುಂಬಿದ ಮರುದಿನದಿಂದಲೇ ಕರಗುತ್ತದೆ ಎಂಬ ಕುಹಕವೂ ಅದರಲ್ಲಿತ್ತು. ಆಮೇಲೆ, 19ನೆಯ ಶತಮಾನದಲ್ಲಿ, ಅಲ್ಲಿಯ ಉಳ್ಳವರಲ್ಲಿ ಹೊಸ ಜೋಡಿ ಊರೂರು ತಿರುಗುವ ರೂಢಿ ಬಂತು. ಯಾಕೆ? ಮದುವೆಗೆ ಬರಲಾಗದ ಬಂಧುಗಳನ್ನು ಕಂಡು ಬರಲಿಕ್ಕೆ. ಕೆಲವು ಸಲ ಮನೆಯವರೂ ಜೊತೆಗೆ ಹೊರಡುತ್ತಿದ್ದರಂತೆ. ಅಂದರೆ ಅವರದೂ ನಮ್ಮ ಹಾಗೇ ಇತ್ತು.

ನಮ್ಮದು ಹೇಗಿತ್ತು ಅಂತ ನನ್ನ ಹೆಂಡತಿಯನ್ನು ಕೇಳಬೇಕು. 1994ರಲ್ಲಿ ನಮ್ಮ ಮದುವೆಯಾದ ಐದನೆಯ ದಿನ ಒಂದು ಟೆಂಪೋ ಮಾಡಿಕೊಂಡು ಉಳವಿ ಚನ್ನಬಸವಣ್ಣನ ದರ್ಶನಕ್ಕೆ ಹೋದೆವು, ಹನ್ನೊಂದು ಜನ. ನಾನು ಮುಂದೆ ಡ್ರೈವರನ ಪಕ್ಕ, ಅವಳು ಹಿಂದೆ ಹೆಂಗಸರ ನಡುವೆ. ಆ ಪ್ರವಾಸ ಬಹಳ ಚೆಂದಾಗಿತ್ತೆಂದು ನಾನು ಇಷ್ಟು ವರ್ಷ ಹೇಳುತ್ತ ಬಂದೆ. ಹುಡುಗನ ಹಾಳೆ ನೋಡಿದ ರಾತ್ರಿ ಅವಳು ತಣ್ಣಗೆ ಅಂದಳು: "ಉಳವಿಗೆ ಹೋದಾಗ ನೀವು ನನ್ನ ಜೋಡಿ ಒಂದು ಮಾತೂ ಆಡಲಿಲ್ಲ. ನಿಮಗ ಹಾಗಲಕಾಯಿ ಸೇರೂದಿಲ್ಲ ಅಂತ ನನಗ ತಿಳಿದದ್ದು ನಿಮ್ಮ ಅವ್ವನಿಂದ, ಅದೂ ನಾಕ್ ತಿಂಗಳ ಮ್ಯಾಲ." ನಾನು ಸುಮ್ಮನಾದೆ. ಏನು ಉತ್ತರ ಕೊಡುವುದು?

ನಮ್ಮ ಹಳೆಯ ಪದ್ಧತಿಯಲ್ಲಿ ಭೂಮದ ಊಟವಿದೆ. ಮದುಮಕ್ಕಳು ಒಂದೇ ತಾಟಿನಲ್ಲಿ ಉಣ್ಣುತ್ತಾರೆ, ಸುತ್ತ ಹತ್ತಿರದವರು ಕೂತಿರುತ್ತಾರೆ. ಎಲ್ಲರೂ ನಗುತ್ತಾರೆ, ತುತ್ತು ಕೊಡಿಸುತ್ತಾರೆ, ಹೆಸರು ಹೇಳಿಸುತ್ತಾರೆ. ಅದು ಬಲು ಸೊಗಸು. ಆದರೆ ಅದು ಸಂಬಂಧಿಕರು ನೋಡುವ ಊಟ. ಎದುರಿನ ಮನುಷ್ಯನಿಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ, ಹಸಿದಾಗ ಸಿಟ್ಟು ಬರುತ್ತದೋ, ಕೊನೆಯ ಹೋಳಿಗೆಯನ್ನು ತಾನೇ ತೆಗೆದುಕೊಳ್ಳುತ್ತಾನೋ ಇವಳ ಕಡೆ ಸರಿಸುತ್ತಾನೋ, ಇದೆಲ್ಲ ತಿಳಿಯಬೇಕಾದರೆ ಯಾರೂ ನೋಡದ ಒಂದು ಊಟ ಬೇಕು.

ಇನ್ನು ಆ ಪಾರ್ಕಿನ ಮಾತು. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಲ್ಲಿ ಶುರುವಾದ ಕಂಪನಿಯವರದೇ, 2005ರಲ್ಲಿ ಬಿಡದಿಯಲ್ಲಿ ತೆರೆದದ್ದು. ರೆಸಾರ್ಟು ಬಂದದ್ದು 2012ರಲ್ಲಿ. ನನಗದು ಗೋಡೆ ಕಟ್ಟಿದ ಜಾತ್ರೆಯ ಹಾಗೆ ಕಾಣುತ್ತದೆ. ಜಾತ್ರೆಯಲ್ಲಿರುವ ರಾಟೆತೊಟ್ಟಿಲು, ಕಿರುಚಾಟ, ತಿಂಡಿಯ ಸಾಲು ಎಲ್ಲವೂ ಉಂಟು, ತೇರು ಒಂದಿಲ್ಲ. ಸೀರೆ ಉಟ್ಟು ನೀರಿನ ಆಟಕ್ಕೆ ಇಳಿಯುವಂತಿಲ್ಲ, ನೈಲಾನ್ ಬಟ್ಟೆಯೇ ಬೇಕು. ಹೆಚ್ಚು ದುಡ್ಡು ಕೊಟ್ಟವರಿಗೆ ಬೇರೆ ಸಾಲು, ಬೇಗ ಸರದಿ. ಇದು ನನಗೆ ಸೇರಲಿಲ್ಲ, ಜಾತ್ರೆಯಲ್ಲಿ ಹೀಗಿಲ್ಲವಲ್ಲ ಅನ್ನಲು ಹೋದೆ. ಗುಡಿಗಳಲ್ಲೂ ವಿಶೇಷ ದರ್ಶನದ ಚೀಟಿ ಇರುವುದು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಆ ಜಾಗವನ್ನೇ ಆರಿಸಿದ್ದು ಹುಡುಗಿ. ಎಂಟನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಟ್ರಿಪ್ಪು ಅಲ್ಲಿಗೆ ಹೋಗಿತ್ತಂತೆ. ಅಪ್ಪನ ಹತ್ತಿರ ದುಡ್ಡಿರಲಿಲ್ಲ, ಉಳಿದಳು. ಹೋಗಿ ಬಂದ ಗೆಳತಿಯರು ವಾರಗಟ್ಟಲೆ ಅದೇ ಮಾತಾಡಿದರು. ಇಲ್ಲಿ ಓದುತ್ತಿರುವ ಮಾಸ್ತರರು, ಅಕ್ಕೋರು ಕ್ಷಮಿಸಬೇಕು, ಟ್ರಿಪ್ಪಿಗೆ ಬಾರದ ಮಕ್ಕಳು ಆ ದಿನ ಏನು ಮಾಡುತ್ತಾರೆಂದು ನಾವು ಕೇಳುವುದು ಕಡಿಮೆ.

ಊಟದ ಸಾಲಿನ ಎರಡು ಪ್ರಶ್ನೆ ಚಿಹ್ನೆಗೂ ಕಾರಣವಿತ್ತು. ಹುಡುಗಿ ಲಿಂಗಾಯತರ ಮನೆಯವಳು, ತತ್ತಿ ಸಹ ಮುಟ್ಟಿದವಳಲ್ಲ. ಇವನೂ ಅದೇ ಮನೆತನದವನಾದರೂ ಕಡಲದಂಡೆಯ ಅಡುಗೆಮನೆಯಲ್ಲಿ ರುಚಿ ನೋಡದೆ ಮೀನು ಬೇಯಿಸಲಾಗುವುದಿಲ್ಲ. ನೋಡುತ್ತ ನೋಡುತ್ತ ನಾಲಿಗೆ ಹತ್ತಿತು. ಅಕ್ಕನಿಗೆ ಗೊತ್ತಿಲ್ಲ. ಹುಡುಗಿಗೆ ಇವನೇ ಮೊದಲು ಹೇಳಿದ್ದ, ಅದು ನನಗೆ ಹಿಡಿಸಿತು. ಬಫೆಯಾದರೆ ಎರಡೂ ಬಗೆಯ ಅಡುಗೆ ಮೇಜಿನ ಮೇಲೆ ಇರುತ್ತದೆ, ಯಾರ ತಾಟಿಗೆ ಯಾರೂ ಕೈ ಹಾಕಬೇಕಿಲ್ಲ. ಇದು ಒಂದು ವಾದ. ಆದರೆ ಬಫೆಯ ಒಳಗುಟ್ಟು ಅಡುಗೆಯವನಿಗೆ ಗೊತ್ತು. ಸಾಲಿನ ಮೊದಲಿಗೆ ಹೊಟ್ಟೆ ತುಂಬುವ ಅಗ್ಗದ ಪದಾರ್ಥ, ತುಟ್ಟಿಯದು ಕೊನೆಗೆ, ಅದರ ಹಿಂದೆ ಬಡಿಸಲು ಒಬ್ಬ ಮನುಷ್ಯ. ಕೊಟ್ಟ ರೊಕ್ಕ ವಸೂಲಾಗಬೇಕೆಂದು ಜನ ಹೇರಿಕೊಳ್ಳುತ್ತಾರೆ, ಅರ್ಧ ಬಿಡುತ್ತಾರೆ. "ದಿನಾ ರಾತ್ರಿ ಆ ಬಿಟ್ಟದ್ದನ್ನ ಬಕೇಟಿಗೆ ಸುರುವೂದು ನಮ್ಮ ಕೆಲಸ ಮಾಮಾ" ಅಂದ. ತಾಟಿನಲ್ಲಿ ಬಿಡಬಾರದು, ಬಿದ್ದದ್ದು ಪ್ರಸಾದ ಎಂದು ಕಲಿತು ಬೆಳೆದವನು ಅವನು.

ಅಮೆರಿಕದ ಫ್ಲೋರಿಡಾದಲ್ಲಿ 1971ರಲ್ಲಿ ತೆರೆದ ಡಿಸ್ನಿ ವರ್ಲ್ಡ್‌ಗೆ ಮಧುಚಂದ್ರಕ್ಕೆ ಹೋಗುವವರು ಊಟದ ಮೇಜನ್ನು 60 ದಿನ ಮೊದಲೇ ಕಾಯ್ದಿರಿಸಬಹುದು. ಎರಡು ತಿಂಗಳ ಮೇಲೆ ಯಾವ ರಾತ್ರಿ ಯಾವುದಕ್ಕೆ ಹಸಿವಾಗುತ್ತದೆಂದು ಇವತ್ತೇ ಗೊತ್ತಿರಬೇಕು! ಗ್ರೀಸ್ ದೇಶದ ಎಪಿಕ್ಯೂರಸ್, ಸುಖವೇ ಬಾಳಿನ ಗುರಿ ಎಂದು ಹೇಳಿದ ತತ್ವಜ್ಞಾನಿ, ರೊಟ್ಟಿ ನೀರಿನಲ್ಲಿ ತೃಪ್ತನಾಗಿದ್ದ. ಹಬ್ಬದೂಟ ಮಾಡಬೇಕೆನಿಸಿದಾಗ ಉಣ್ಣಲೆಂದು ಗೆಳೆಯನಿಗೆ ಕಾಗದ ಬರೆದು ಒಂದು ಸಣ್ಣ ಗಡಿಗೆ ಚೀಸ್ ತರಿಸಿಕೊಂಡನಂತೆ. ಅವನ ಹೆಸರು ಹೇಳಿ ಹುಡುಗನ ಹಾಳೆಯಿಂದ ಬಫೆ ಹೊಡೆದುಹಾಕಬಹುದಿತ್ತು. ಆದರೆ ಎಪಿಕ್ಯೂರಸ್ ದಿನಾ 200 ಜನಕ್ಕೆ ಅಡುಗೆ ಮಾಡಿ ನಿಂತುಕೊಂಡು ಉಂಡವನಲ್ಲ. ತಾನು ಬಡಿಸಿದ್ದನ್ನು ಒಂದು ಸಲ ಕೂತು ಉಣ್ಣಬೇಕೆನ್ನುವವನಿಗೆ ಸರಳತೆಯ ಪಾಠ ಹೇಳುವ ಹಕ್ಕು ನನಗಿದೆಯೇ?

ಆದರೂ ಅಕ್ಕನ ಮಾಳಿಗೆ ಸೋರುವುದು ಸೋರುವುದೇ. ಈ ವಾದದಿಂದ ಒಂದು ಹೆಂಚೂ ಕೂರುವುದಿಲ್ಲ. ಸುಖ ಅವನ ಹಕ್ಕು ಅಂದಾಕ್ಷಣ ತಾಯಿಯ ಹಾಸಿಗೆ ಒಣಗುವುದಿಲ್ಲ. ನಾನು ಎಷ್ಟು ತಿರುಗಿಸಿ ನೋಡಿದರೂ ಒಂದು ಇನ್ನೊಂದನ್ನು ಅಳಿಸಲಿಲ್ಲ. ಕಡೆಗೆ ಹುಡುಗ ಹುಡುಗಿ ತಾವೇ ಫೋನಿನಲ್ಲಿ ಮಾತಾಡಿಕೊಂಡು ಎರಡು ರಾತ್ರಿಯನ್ನು ಒಂದು ಮಾಡಿದರು. ಉಳಿದ ದುಡ್ಡು ಮಾಳಿಗೆಗೆ, ಸಾಲದೆ ಬಿದ್ದದ್ದನ್ನು ನಾನು ಹಾಕುವುದು. ಮದುವೆಗೆ ಇನ್ನೊಂದು ಸಿಹಿ ಇರಲಿ ಅಂದವನು ನಾನೇ ತಾನೇ. ವಾಸ್ಕೋದಿಂದ ಯಶವಂತಪುರಕ್ಕೆ ಹೋಗುವ ರೈಲು ಧಾರವಾಡ, ಹುಬ್ಬಳ್ಳಿ ಮೇಲೆಯೇ ಹೋಗುತ್ತದೆ. ಬರುವಾಗ ಧಾರವಾಡದಲ್ಲಿ ಇಳಿದು, ಮದುವೆಗೆ ಬರಲಾಗದೆ ಮನೆಯಲ್ಲೇ ಮಲಗಿದ್ದ ಹುಡುಗಿಯ ಅಜ್ಜಿಯನ್ನು ಕಂಡು ಬರುವುದೆಂದಾಯಿತು. ಅದನ್ನು ಸೇರಿಸಿದ್ದು ಹುಡುಗಿ. ಅಕ್ಕ ಇದಕ್ಕೂ ಒಪ್ಪಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಬುತ್ತಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ಹೋಗಿ ಬಂದ ಮೇಲೆ ಇಬ್ಬರೂ ಮಡ್ಕಯಿಗೆ ಬಂದಿದ್ದರು. ಆಟಗಳ ಬಗ್ಗೆ ಹುಡುಗಿ ಬಾಯಿ ತುಂಬ ಹೇಳಿದಳು. ಬಿಡದಿಯ ತಟ್ಟೆ ಇಡ್ಲಿಯನ್ನು ಮುಂಜಾನೆ ರಸ್ತೆಗೆ ಬಂದು ತಿಂದರಂತೆ, ರೂಮಿನ ಬಾಡಿಗೆಯಲ್ಲೇ ಇದ್ದ ನಾಷ್ಟಾ ಬಿಟ್ಟು. ದುಡ್ಡು ಹಾಳು ಅಂತ ಅವನು ಗೊಣಗಿದ್ದನಂತೆ. ರಾತ್ರಿ ಬಫೆ ಬಿಟ್ಟು ಎರಡೇ ಪಲ್ಯ, ರೊಟ್ಟಿ, ಅನ್ನ ತರಿಸಿಕೊಂಡರು. ಅವನು ಮೀನು ಹೇಳಲಿಲ್ಲ. ಹೇಳ್ರಿ, ನಾ ಏನೂ ಅನ್ನೂದಿಲ್ಲ ಅಂತ ಅವಳೇ ಅಂದರೂ ಹೇಳಲಿಲ್ಲ.

"ಉಣಾಕ ಕುಂತಾರ ಖರೆ" ಅಂತ ಹುಡುಗಿ ನನ್ನ ಹೆಂಡತಿಗೆ ಹೇಳುತ್ತಿದ್ದಳು. "ಬಡಿಸೂ ಹುಡುಗ ಬಂದ ಕೂಡ್ಲೆ ಎದ್ದು ನಿಂತು ಅವನ ಕೈಯಾಗಿನ ಪಾತ್ರಿ ಇಸ್ಕೊಳ್ಳಾಕ ಹೋದ್ರು. ಎರಡು ಸಲ. ನಾನ ಅಂಗಿ ಹಿಡದು ಜಗ್ಗಿ, ಕುಂದರ್ರಿ ಅಂದೆ."

ಅವನು ಬಾಗಿಲ ಹತ್ತಿರ ನಿಂತು ಫೆರಿಯ ಹೊತ್ತಾಯಿತೇನೋ ಅಂತ ಗಡಿಯಾರ ನೋಡುತ್ತಿದ್ದ.