ದಾರಿಯಲ್ಲಿ ನಿಂತವನ ಋಣ

ಪರೋಪಕಾರವನ್ನು ಕುರಿತು ನಾವು ಆಡುವ ಮಾತುಗಳು ಬಹುಮಟ್ಟಿಗೆ ಕೊಡುವವನ ಕಡೆಯಿಂದ ಆಡಿದವು. ಪಡೆಯುವವನು ಹೇಗೆ ಪಡೆಯಬೇಕೆಂಬ ಜಿಜ್ಞಾಸೆ ಅಪರೂಪ. ಶ್ರೀಮಠದ ಉಚಿತ ಪ್ರಸಾದನಿಲಯದಲ್ಲಿದ್ದು ಓದಿ, ಈಗ ಅಮೆರಿಕದಲ್ಲಿ ನೆಲೆಸಿರುವ ಭಕ್ತರೊಬ್ಬರು ಅಂಥದೊಂದು ಪ್ರಶ್ನೆಯನ್ನು ಪತ್ರಮುಖೇನ ನಮ್ಮ ಮುಂದಿಟ್ಟಿದ್ದಾರೆ.

ಆ ದೇಶದಲ್ಲಿ ಮನೆಬಂಡಿ ಹೂಡಿಕೊಂಡು ವಾರಗಟ್ಟಲೆ ಸಂಚರಿಸುವ ರೂಢಿಯುಂಟು. ಆರ್.ವಿ. ಎಂದು ಕರೆಯಲಾಗುವ ಈ ವಾಹನದಲ್ಲಿ ಒಲೆ, ಮಂಚ, ಸ್ನಾನಗೃಹ, ನೀರಿನ ತೊಟ್ಟಿ ಎಲ್ಲವೂ ಇರುತ್ತವೆ. ಭಕ್ತರು ಅದನ್ನು ಬಾಡಿಗೆಗೆ ಪಡೆದು, ಮಡದಿ ಮಕ್ಕಳೊಡನೆ ನೆವಾಡಾ ರಾಜ್ಯದ 50ನೆಯ ಸಂಖ್ಯೆಯ ಹೆದ್ದಾರಿಯಲ್ಲಿ ಹೊರಟಿದ್ದರು. 1986ರಲ್ಲಿ ಲೈಫ್ ಪತ್ರಿಕೆ ಅಮೆರಿಕದ ಅತ್ಯಂತ ಒಂಟಿ ರಸ್ತೆಯೆಂದು ಹೆಸರಿಟ್ಟದ್ದು ಇದಕ್ಕೇ. ಆಸ್ಟಿನ್ ಎಂಬ ಸಣ್ಣ ಊರು ದಾಟಿದರೆ ಫ್ಯಾಲನ್ ಸೇರುವವರೆಗೆ ಸುಮಾರು 175 ಕಿ.ಮೀ. ಉದ್ದಕ್ಕೂ ಊರೆನ್ನಬಹುದಾದುದು ಇಲ್ಲ. ಆ ನಡುವೆ ಹಿಂದಿನ ಟೈರು ಸಿಡಿಯಿತು. ಇಂಥ ವಾಹನಗಳು ವರ್ಷದ ಬಹುಪಾಲು ನಿಂತೇ ಇರುತ್ತವೆ. ಮೇಲಿನ ಅಚ್ಚು ಸವೆಯದೆ ಹೊಸದರಂತೆ ಕಂಡರೂ ಒಳಗೆ ರಬ್ಬರು ಬಿರಿದಿರುತ್ತದೆ, ಭಾರ ಮತ್ತು ಬಿಸಿಲು ಸೇರಿದಾಗ ಒಡೆಯುತ್ತದೆ. ಅನೇಕ ದೊಡ್ಡ ಮನೆಬಂಡಿಗಳಲ್ಲಿ ಬದಲಿ ಚಕ್ರವನ್ನೇ ಇಟ್ಟಿರುವುದಿಲ್ಲ. ಮೊಬೈಲಿಗೆ ಸಂಪರ್ಕವೂ ಇರಲಿಲ್ಲ. ಅನ್ನವಿತ್ತು, ನೀರಿತ್ತು, ಹಾಸಿಗೆಯಿತ್ತು, ಚಲನೆಯೊಂದೇ ಇರಲಿಲ್ಲ.

ಹಿಂದಿನಿಂದ ಮತ್ತೊಂದು ಮನೆಬಂಡಿಯಲ್ಲಿ ಬಂದ ವೃದ್ಧ ದಂಪತಿಗಳು ನಿಂತರು. ಸಂಪರ್ಕ ಸಿಗುವ ಸ್ಥಳದವರೆಗೆ ಹೋಗಿ ಫೋನು ಮಾಡಿ, ಅಲ್ಲಿಂದ ಮುಂದಕ್ಕೆ ಹೋಗದೆ ಹಿಂದಕ್ಕೆ ಬಂದರು. ರಿಪೇರಿಯ ಲಾರಿ ಬರುವವರೆಗೆ ನಾಲ್ಕು ಗಂಟೆ ಜೊತೆಗೆ ಕುಳಿತರು. ಹಣ ಕೊಡಹೋದರೆ ನಕ್ಕರು. ವಿಳಾಸ ಕೇಳಿದರೆ ಹೇಳಲಿಲ್ಲ. “ಬುದ್ಧಿ, ಈ ಋಣವನ್ನು ಯಾರಿಗೆ, ಹೇಗೆ ತೀರಿಸಲಿ?” ಎಂಬುದು ಭಕ್ತರ ಮೊದಲನೆಯ ಪ್ರಶ್ನೆ. ಎರಡನೆಯದು ಪತ್ರದ ಕೊನೆಯಲ್ಲಿ ಸಂಕೋಚದಿಂದ ಬಂದಿದೆ: ಅದಕ್ಕೆ ಎರಡು ದಿನ ಮೊದಲು, ರಸ್ತೆಯಂಚಿನಲ್ಲಿ ಕೆಟ್ಟು ನಿಂತಿದ್ದ ವಾಹನವೊಂದನ್ನು ಕಂಡೂ, ಸಂಜೆಯೊಳಗೆ ಬಿಡಾರ ಸೇರುವ ಆತುರದಲ್ಲಿ ಅವರು ನಿಲ್ಲದೆ ಹೋಗಿದ್ದರಂತೆ.

ಋಣವೆಂಬ ಕಲ್ಪನೆ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ದೇವ, ಋಷಿ, ಪಿತೃಗಳ ಋಣವೆಂಬ ಮೂರನ್ನು ವೈದಿಕ ಸಂಪ್ರದಾಯ ಹೇಳಿತು. ಶತಪಥ ಬ್ರಾಹ್ಮಣವು ಮನುಷ್ಯಋಣವನ್ನೂ ಸೇರಿಸಿ, ಬಂದವರಿಗೆ ಅನ್ನ ವಸತಿಗಳನ್ನು ಕೊಡುವುದರಿಂದ ಅದು ತೀರುವುದೆಂದಿತು. ಉದಾತ್ತವಾದ ಭಾವನೆಯೇ ಸರಿ. ಆದರೂ ಋಣವೆಂದೊಡನೆ ಲೆಕ್ಕದ ಪುಸ್ತಕ ತೆರೆಯುತ್ತದೆ, ಲೆಕ್ಕವೆಂದೊಡನೆ ಅದನ್ನು ಮುಗಿಸಿ ಕೈತೊಳೆಯುವ ಆಸೆ ಹುಟ್ಟುತ್ತದೆ. ಶರಣರು ದಾನವೆನ್ನದೆ ದಾಸೋಹವೆಂದದ್ದು ಇಲ್ಲಿ ವಿಚಾರಯೋಗ್ಯ. ದಾನದಲ್ಲಿ ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ; ಸ್ವೀಕರಿಸಿದ್ದೇ ತನಗಾದ ಉಪಕಾರವೆಂದು ಅವನ ಭಾವನೆ. ಹಾಗಿರುವಲ್ಲಿ ಸಾಲಗಾರನಾರು? ಆ ವೃದ್ಧರ ನಗೆಯಲ್ಲಿ, ಆ ಪದವನ್ನು ಅವರು ಕೇಳಿರದಿದ್ದರೂ, ಇದೇ ಅರ್ಥವಿತ್ತೆಂದು ನಮಗೆ ತೋರುತ್ತದೆ. ಹಣ ಕೊಡದೆ ಸಮಾಧಾನವಿಲ್ಲವೆಂಬ ಮನಸ್ಸಿನಲ್ಲಿ ಕೃತಜ್ಞತೆಯೊಡನೆ, ಯಾರ ಹಂಗಿನಲ್ಲಿಯೂ ಇರಲೊಲ್ಲೆನೆಂಬ ಅಹಂಕಾರದ ಎಳೆಯೊಂದು ಇರುತ್ತದೆ. ಮನೆಯನ್ನೇ ಗಾಲಿಯ ಮೇಲೆ ಕಟ್ಟಿಕೊಂಡು ಹೊರಟವನಿಗೆ ಆ ಎಳೆ ಇನ್ನಷ್ಟು ಬಿಗಿ.

ಈ ಭಕ್ತರೇ ಬಾಲ್ಯದಲ್ಲಿ ಏಳು ವರ್ಷ ಶ್ರೀಮಠದ ಪಂಕ್ತಿಯಲ್ಲಿ ಕುಳಿತು ಉಂಡರು. ಆಗ ಎಲೆಯ ಮುಂದೆ ಋಣದ ಚಿಂತೆ ಬಾಧಿಸಲಿಲ್ಲ, ಹಸಿವು ಬಾಧಿಸುತ್ತಿತ್ತು. ಮಠದ ಋಣ ತೀರಿಸುತ್ತೇವೆಂದು ದೇಣಿಗೆ ಕಳುಹಿಸುವ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ದೇಣಿಗೆ ಬೇಡವೆನ್ನುವುದಿಲ್ಲ, ಕಟ್ಟಡದ ಕೆಲಸ ಇನ್ನೂ ಬಾಕಿಯಿದೆ. ‘ತೀರಿತು’ ಎಂಬ ಮಾತು ಮಾತ್ರ ಬೇಡ.

ಇನ್ನು ನಿಲ್ಲದೆ ಹೋದ ವಿಷಯ. ಇದು ಮೊದಲನೆಯದಕ್ಕಿಂತ ಕಠಿಣ. 1967ರಲ್ಲಿ ಜೇಮ್ಸ್ ಬ್ರಯಾನ್ ಮತ್ತು ಮೇರಿ ಆನ್ ಟೆಸ್ಟ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದುಂಟು. ಲಾಸ್ ಏಂಜಲೀಸ್ ನಗರದಲ್ಲಿ ಟೈರಿನ ಗಾಳಿ ಹೋದ ಕಾರಿನ ಬಳಿ ಯುವತಿಯೊಬ್ಬಳನ್ನು ನಿಲ್ಲಿಸಿದರು. ಹಾದುಹೋದ 4,000 ವಾಹನಗಳಲ್ಲಿ ನಿಂತವು 93. ಇವುಗಳಲ್ಲಿ 58 ನಿಂತದ್ದು, ಸ್ವಲ್ಪ ಹಿಂದೆ ಅದೇ ರಸ್ತೆಯಲ್ಲಿ ಬೇರೊಬ್ಬಳಿಗೆ ಒಬ್ಬಾತ ಚಕ್ರ ಬದಲಿಸಿಕೊಡುತ್ತಿರುವ ದೃಶ್ಯವನ್ನು ಏರ್ಪಡಿಸಿದ್ದಾಗ; ಅದಿಲ್ಲದಾಗ ನಿಂತವು 35. ಕಣ್ಣಾರೆ ಕಂಡ ಸೇವೆ ಇಷ್ಟು ಕೆಲಸ ಮಾಡುತ್ತದೆ. 1973ರಲ್ಲಿ ಪ್ರಕಟವಾದ, ಡಾರ್ಲಿ ಮತ್ತು ಬ್ಯಾಟ್ಸನ್ ನಡೆಸಿದ ಇನ್ನೊಂದು ಪ್ರಯೋಗದಲ್ಲಿ ಪ್ರಿನ್ಸ್‌ಟನ್ನಿನ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಪರೀಕ್ಷಿಸಲಾಯಿತು. ಅವಸರವಿಲ್ಲದವರಲ್ಲಿ ನೂರಕ್ಕೆ 63 ಮಂದಿ ದಾರಿಯಲ್ಲಿ ಬಿದ್ದವನಿಗೆ ನೆರವಾಗಲು ಮುಂದಾದರು, ಅವಸರದಲ್ಲಿದ್ದವರಲ್ಲಿ 10 ಮಂದಿ. ಅವರಲ್ಲಿ ಕೆಲವರು ಹೋಗುತ್ತಿದ್ದುದು, ದಾರಿಯಲ್ಲಿ ಬಿದ್ದ ಅಪರಿಚಿತನಿಗೆ ನೆರವಾದ ಬೈಬಲಿನ ಕಥೆಯ ಮೇಲೆ ಉಪನ್ಯಾಸ ಕೊಡಲು! ಪೀಠದ ಮೇಲೆ ಕುಳಿತು ಉಪದೇಶಿಸುವ ನಮ್ಮಂಥವರು ಆಗಾಗ ನೆನೆಯಬೇಕಾದ ಸಂಖ್ಯೆಗಳಿವು.

ಹಾಗಾದರೆ ಹೃದಯಕ್ಕಿಂತ ಗಡಿಯಾರವೇ ಹೆಚ್ಚೇ? ಹಾಗೆನ್ನಲಾರೆವು. ಹಿಂದೆ ನಮ್ಮ ಹಳ್ಳಿಗಳ ಗಾಡಿಜಾಡಿನಲ್ಲಿ ಒಬ್ಬನ ಗಾಡಿಯ ಅಚ್ಚು ಮುರಿದರೆ ಹಿಂದಿನ ಗಾಡಿಗಳಿಗೂ ದಾರಿಯಿಲ್ಲ. ಎಲ್ಲರೂ ಇಳಿದು ಹೆಗಲು ಕೊಡಲೇಬೇಕು. ಅದರಲ್ಲಿ ಧರ್ಮಕ್ಕಿಂತ ಅನಿವಾರ್ಯತೆ ಹೆಚ್ಚೆಂದು ಒಪ್ಪೋಣ. ಈಗಿನ ಹೆದ್ದಾರಿಯ ಅಂಚಿನಲ್ಲಿ ಪಟ್ಟಿಯೊಂದನ್ನು ಬಿಟ್ಟಿರುತ್ತಾರೆ, ನಿಂತವನು ಹೋಗುವವನಿಗೆ ಅಡ್ಡಿಯಾಗದಿರಲೆಂದು. ರಸ್ತೆ ಅಗಲವಾದಷ್ಟೂ ನಿಲ್ಲುವುದು ಅನಿವಾರ್ಯದ ಕಡೆಯಿಂದ ಇಚ್ಛೆಯ ಕಡೆಗೆ ಸರಿಯಿತು. ಅಲ್ಲಿ ನಿಲ್ಲುವವನು ಕೊಡುವುದು ದ್ರವ್ಯವನ್ನಲ್ಲ, ತನ್ನ ಆಯುಷ್ಯದ ಒಂದಿಷ್ಟನ್ನು. ತನು ಮನ ಧನಗಳನ್ನು ಸವೆಸಬೇಕೆನ್ನುವ ನಾವು ಧನವನ್ನು ಬೇಗ ಬಿಚ್ಚುತ್ತೇವೆ, ಹೊತ್ತನ್ನು ಬಿಚ್ಚುವುದಿಲ್ಲ.

ಎಲ್ಲರೂ ಎಲ್ಲೆಡೆಯೂ ನಿಲ್ಲಲೇಬೇಕೆಂದು ವಿಧಿಸುವುದು ಅವಿವೇಕ. ಕತ್ತಲಲ್ಲಿ ಒಬ್ಬಳೇ ಹೋಗುತ್ತಿರುವ ಹೆಣ್ಣುಮಗಳಿಗೆ ಭಯ ಸಹಜ, ನ್ಯಾಯ ಕೂಡ. ವೇಗದ ರಸ್ತೆಯಲ್ಲಿ ನಿಲ್ಲುವುದೇ ಅಪಾಯ. ನಿಂತ ತುರ್ತುಸೇವೆಯ ವಾಹನಗಳಿಗೆ ಎಡೆಬಿಟ್ಟು ಸರಿದು ಹೋಗಬೇಕೆಂಬ ಕಾನೂನು ಅಮೆರಿಕದ ಐವತ್ತೂ ರಾಜ್ಯಗಳಲ್ಲಿದೆ. ನಮ್ಮಲ್ಲಿ ಅಪಘಾತದ ಗಾಯಾಳುವಿಗೆ ನೆರವಾದವನನ್ನು ಪೊಲೀಸು, ಕೋರ್ಟುಗಳ ಅಲೆದಾಟದಿಂದ ಕಾಪಾಡುವ ಮಾರ್ಗಸೂಚಿಗೆ ಸುಪ್ರೀಂ ಕೋರ್ಟು 2016ರಲ್ಲಿ ಬಲ ಕೊಟ್ಟಿತು. 2019ರ ತಿದ್ದುಪಡಿಯಿಂದ ಅದು ಮೋಟಾರು ವಾಹನ ಕಾಯಿದೆಯಲ್ಲಿಯೇ ಸೇರಿತು. ಆದುದರಿಂದ ಪೊಲೀಸರ ಭಯವೆಂಬ ಹಳೆಯ ನೆಪ ಇನ್ನು ನಡೆಯದು.

ನಿಲ್ಲಲಾಗದವನು ಇಷ್ಟನ್ನಾದರೂ ಮಾಡಬಹುದು: ವಾಹನದ ಬಣ್ಣ, ಪಕ್ಕದ ಮೈಲಿಗಲ್ಲಿನ ಸಂಖ್ಯೆ ನೆನಪಿಟ್ಟುಕೊಂಡು, ಮುಂದೆ ಸಂಪರ್ಕ ಸಿಕ್ಕೊಡನೆ ತಿಳಿಸುವುದು. ನಮ್ಮ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಅದಕ್ಕೆ 1033 ಎಂಬ ಸಂಖ್ಯೆಯಿದೆ. ಎರಡು ನಿಮಿಷದ ಕೆಲಸ.