ಹಿಟ್ಟಿನ ಕೋಳಿ ಮತ್ತು ರಂಗದ ಸಿಂಹ

ಕೊಲ್ಲುವುದು ಹಿಂಸೆ ಎಂಬುದನ್ನು ಜೈನ ಮನೆತನದ ಮಗುವಿಗೆ ಯಾರೂ ಕೂರಿಸಿಕೊಂಡು ಬೋಧಿಸಬೇಕಾಗಿಲ್ಲ. ನೀರು ಸೋಸುವ ಬಟ್ಟೆಯನ್ನೂ ಸೂರ್ಯಾಸ್ತಕ್ಕೆ ಮೊದಲೇ ಮುಗಿಯುವ ಊಟವನ್ನೂ ನೋಡುತ್ತ ನೋಡುತ್ತಲೇ ಅದು ಆ ಪಾಠವನ್ನು ಕಲಿತಿರುತ್ತದೆ. ಆದರೆ ಕೊಲ್ಲುವಂತೆ ನಟಿಸುವುದು ಏನು? ಅದು ಹಿಂಸೆಯೋ, ಬರಿಯ ಆಟವೋ? ಈ ಪ್ರಶ್ನೆ ನನಗೆ ಎದುರಾದುದು ಶಾಸ್ತ್ರಸಭೆಯಲ್ಲಲ್ಲ. ರಾಜಾಜಿನಗರದ ನಮ್ಮ ಮನೆಯ ನಡುಮನೆಯಲ್ಲಿ, ಹತ್ತು ವರ್ಷದ ಮೊಮ್ಮಗಳು ಶಾಲೆಯಿಂದ ತಂದ ಒಂದು ಸುದ್ದಿಯಿಂದ.

ಅವಳ ಶಾಲೆಯ ವಾರ್ಷಿಕೋತ್ಸವಕ್ಕೆ ‘ದಿ ಲಯನ್ ಕಿಂಗ್’ ಎಂಬ ಸಂಗೀತ ನಾಟಕವನ್ನು ಆರಿಸಿದ್ದರು. 1994ರಲ್ಲಿ ಡಿಸ್ನಿ ಸಂಸ್ಥೆಯವರು ಹೊರತಂದ ಈ ಹೆಸರಿನ ಚಿತ್ರವನ್ನು, ಬರೆದ ಚಿತ್ರಗಳು ಚಲಿಸಿ ಮಾತನಾಡುವ ಆ ಕಥೆಯನ್ನು, ಮಕ್ಕಳಿರುವ ಮನೆಗಳು ಬಲ್ಲವು. 1997ರಲ್ಲಿ ಜೂಲಿ ಟೇಮರ್ ಎಂಬ ನಿರ್ದೇಶಕಿ ಅದನ್ನು ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ತಂದರು. ಅನಂತರ ಮಕ್ಕಳೇ ಆಡಲೆಂದು ಒಂದು ಗಂಟೆಯ ರೂಪವೊಂದೂ, ಇನ್ನೂ ಚಿಕ್ಕವರಿಗಾಗಿ ಅರ್ಧ ಗಂಟೆಯ ರೂಪವೊಂದೂ ಸಿದ್ಧವಾದವು. ಕಥೆ ಸರಳವಾದುದು. ಸಿಂಹರಾಜನನ್ನು ಅವನ ತಮ್ಮನೇ ಮೋಸದಿಂದ ಕೊಲ್ಲಿಸುತ್ತಾನೆ. ತಂದೆಯ ಸಾವಿಗೆ ತಾನೇ ಕಾರಣನೆಂದು ನಂಬಿದ ಮರಿ ಸಿಂಹ ಓಡಿಹೋಗುತ್ತದೆ. ಬೆಳೆದ ಮೇಲೆ ಮರಳಿ ಬಂದು ತನ್ನ ಹೊಣೆಯನ್ನು ಹೊರುತ್ತದೆ.

ಮೊಮ್ಮಗಳಿಗೆ ದೊರೆತದ್ದು ಜಿಂಕೆಯನ್ನು ಬೇಟೆಯಾಡುವ ಸಿಂಹಿಣಿಯರಲ್ಲಿ ಒಬ್ಬಳ ಪಾತ್ರ. ನನ್ನ ಪತ್ನಿಗೆ ಇದು ಸ್ವಲ್ಪವೂ ಸರಿಬರಲಿಲ್ಲ. “ಹಿಟ್ಟಿನ ಕೋಳಿ ಕೊಯ್ದವನ ಗತಿ ಏನಾಯಿತೆಂದು ನಿನಗೆ ಗೊತ್ತಿಲ್ಲವೇನಮ್ಮಾ? ಮಗುವಿಗೆ ಬೇರೆ ಪಾತ್ರ ಕೊಡಿಸು” ಎಂದಳು. ಸೊಸೆ ಮೆಲುದನಿಯಲ್ಲೇ ಉತ್ತರಿಸಿದಳು: “ಅತ್ತೆ, ನಾವೆಲ್ಲ ಶಾಲೆಯಲ್ಲಿ ಗೋವಿನ ಹಾಡು ಆಡಿದವರೇ. ಆಗ ಹುಲಿಯ ಪಾತ್ರ ಬೇಡವೆಂದು ಯಾರೂ ಹೇಳಲಿಲ್ಲವಲ್ಲ?” ಇಬ್ಬರೂ ನನ್ನ ಮುಖ ನೋಡಿದರು. ಆ ಸಂಜೆ ತಕ್ಷಣಕ್ಕೆ ತೀರ್ಪು ಕೊಡಲು ನನ್ನಿಂದಾಗಲಿಲ್ಲ. ಇಬ್ಬರ ಮಾತಿನಲ್ಲಿಯೂ ಹುರುಳಿತ್ತು.

ಪತ್ನಿಯ ಆಕ್ಷೇಪದ ಹಿಂದೆ ಜನ್ನನಿದ್ದಾನೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಈ ಕವಿ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಕಥೆ ನಮ್ಮ ಮನೆಗಳಲ್ಲಿ ಅಜ್ಜಿಯರ ಬಾಯಲ್ಲಿ ಉಳಿದುಬಂದಿದೆ. ಕೆಟ್ಟ ಕನಸಿನ ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆಂದು ತಾಯಿ ಚಂದ್ರಮತಿ ಹಟ ಹಿಡಿಯುತ್ತಾಳೆ. ಜೀವಹತ್ಯೆಗೆ ಒಪ್ಪದ ಯಶೋಧರ ಕೊನೆಗೆ ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನಲ್ಲಿ ಮಾಡಿದ ಕೋಳಿಯನ್ನು ಕತ್ತರಿಸುತ್ತಾನೆ. ಕತ್ತಿ ತಗಲಿದೊಡನೆ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅಲ್ಲಿಂದ ಮುಂದೆ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಾಗಿ, ಆಡಾಗಿ ಭವಭವಗಳಲ್ಲಿ ತೊಳಲಿ, ಕಡೆಗೆ ನಿಜವಾದ ಕೋಳಿಗಳಾಗಿಯೇ ಹುಟ್ಟಿ ಬಾಣಕ್ಕೆ ಈಡಾಗುತ್ತಾರೆ. ರಕ್ತ ಚೆಲ್ಲಲಿಲ್ಲ, ಜೀವ ಹೋಗಲಿಲ್ಲ. ಆದರೂ ಸಂಕಲ್ಪವೊಂದೇ ಸಾಕಾಯಿತು. ಹಾಗಾದರೆ ರಂಗದ ಮೇಲೆ ರಟ್ಟಿನ ಜಿಂಕೆಯನ್ನು ಕೆಡಹುವ ಬಾಲಿಕೆಯ ಸ್ಥಿತಿ ಏನು?

ಇದಕ್ಕೆ ಉತ್ತರವನ್ನು ಯಶೋಧರನ ಕಥೆಯನ್ನೇ ಬರೆದ ಇನ್ನೊಬ್ಬ ಮಹನೀಯರಲ್ಲಿ ಹುಡುಕಬಹುದು. 959ರಲ್ಲಿ ‘ಯಶಸ್ತಿಲಕ ಚಂಪೂ’ವನ್ನು ಮುಗಿಸಿದ ಸೋಮದೇವಸೂರಿಗಳು ಬೆಸ್ತನನ್ನೂ ಬೇಸಾಯಗಾರನನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ತೋರಿಸುತ್ತಾರೆ. ನೇಗಿಲ ಗೆರೆಯಲ್ಲಿ ಎಷ್ಟೋ ಜೀವಗಳು ಸಾಯುತ್ತವೆ. ಆದರೂ ರೈತನ ಮನಸ್ಸು ಬೆಳೆಯ ಮೇಲಿರುತ್ತದೆ. ಬಲೆ ಬೀಸಿ ಕುಳಿತ ಬೆಸ್ತನಿಗೆ ಒಂದು ಮೀನೂ ಸಿಗದಿರಬಹುದು. ಆದರೂ ಅವನ ಮನಸ್ಸು ಕೊಲ್ಲುವುದರ ಮೇಲೆಯೇ ಇರುತ್ತದೆ. ಪಾಪದ ಹೊರೆಯನ್ನು ತೂಗುವುದು ಸತ್ತ ಜೀವಗಳ ಲೆಕ್ಕವಲ್ಲ, ಒಳಗಿನ ಭಾವ ಎಂಬುದೇ ಅವರ ಅಭಿಪ್ರಾಯ.

ಈ ತಕ್ಕಡಿಯಲ್ಲಿ ಯಶೋಧರನನ್ನೂ ಶಾಲೆಯ ಬಾಲಿಕೆಯನ್ನೂ ತೂಗಿ ನೋಡೋಣ. ಯಶೋಧರ ನಟಿಸಲಿಲ್ಲ. ದೇವಿಗೆ ಒಂದು ಕೊಲೆಯನ್ನು ಅರ್ಪಿಸುವುದೇ ಅಲ್ಲಿನ ವಿಧಿಯ ಉದ್ದೇಶವಾಗಿತ್ತು. ಹಿಟ್ಟು ಜೀವದ ಬದಲಿಗೆ ಬಂದ ಸಾಮಗ್ರಿ ಮಾತ್ರ. ಕೊಲೆಯ ಫಲ ಬೇಕು, ಕೊಲೆಯ ಕಳಂಕ ಬೇಡ ಎಂಬ ಆಸೆಯೇ ಆ ಹಿಟ್ಟನ್ನು ಕಲಸಿತ್ತು. ಬಾಲಿಕೆಗಾದರೋ ಯಾವ ಫಲದ ಆಸೆಯೂ ಇಲ್ಲ. ಅವಳ ಗಮನವೆಲ್ಲ ಹಾಡಿನ ತಾಳದ ಮೇಲೆ, ಹೆಜ್ಜೆಯ ಮೇಲೆ, ಪಕ್ಕದ ಗೆಳತಿಯೊಡನೆ ಸಾಲು ತಪ್ಪದಿರುವುದರ ಮೇಲೆ. ಇಲ್ಲಿ ಸಂಕಲ್ಪಹಿಂಸೆಯನ್ನು ಕಾಣುವುದು ಶಾಸ್ತ್ರವನ್ನು ಅದರ ತಾತ್ಪರ್ಯ ಮೀರಿ ಎಳೆದಂತಾಗುತ್ತದೆ. ಗೋವಿನ ಹಾಡಿನ ಹುಲಿಯ ವೇಷ ಹಾಕಿದ ಮಕ್ಕಳು ಕ್ರೂರಿಗಳಾಗಲಿಲ್ಲ. ಪುಣ್ಯಕೋಟಿಯ ಸತ್ಯದ ಮುಂದೆ ನಾಚಿ ಪ್ರಾಣಬಿಟ್ಟ ಹುಲಿಯ ನೋವನ್ನು ಒಳಗಿನಿಂದ ಅರಿತವರು ಅವರೇ. ಆ ಕಥೆಯೂ 2020ರಲ್ಲಿ ‘ಪುಣ್ಯಕೋಟಿ’ ಎಂಬ ಸಂಸ್ಕೃತ ಅನಿಮೇಷನ್ ಚಿತ್ರವಾಗಿ ಬಂದಿದೆ.

ಇಷ್ಟಾದರೆ ಸೊಸೆಯೇ ಗೆದ್ದಳೆಂದು ವಾಚಕರು ತಿಳಿಯಬಹುದು. ಅಷ್ಟು ಸುಲಭವಲ್ಲ. ನಮ್ಮಲ್ಲಿ ಕರ್ಮಾಸ್ರವಕ್ಕೆ ಬಾಗಿಲು ಒಂದೇ ಅಲ್ಲ. ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದುದನ್ನು ಮೆಚ್ಚುವುದು ಎಂದು ಮೂರು. ಕೃತ, ಕಾರಿತಗಳ ಮಾತು ಬಿಡೋಣ. ಅನುಮೋದನೆಯ ಸ್ಥಾನದಲ್ಲಿ ಕುಳಿತವರು ಯಾರು? ರಂಗದ ಕೆಳಗೆ ಕುರ್ಚಿ ಹಾಕಿಕೊಂಡ ನಾವು. ಬೇಟೆ ಮುಗಿದು ಜಿಂಕೆ ನೆಲಕ್ಕುರುಳಿದಾಗ ಚಪ್ಪಾಳೆ ಬಿದ್ದರೆ, ಅದು ಮಕ್ಕಳ ಕುಣಿತಕ್ಕೋ, ಜಿಂಕೆ ಉರುಳಿದುದಕ್ಕೋ? ಕೇಳಿಕೊಳ್ಳಬೇಕಾದವರು ನಾವೇ. ಉತ್ತರವನ್ನು ನಮ್ಮ ಹೊರತು ಬೇರೆ ಯಾರೂ ಕೊಡಲಾರರು.

941ರಲ್ಲಿ ಪಂಪ ರಚಿಸಿದ ‘ಆದಿಪುರಾಣ’ದ ನೀಲಾಂಜನೆಯ ಪ್ರಸಂಗವನ್ನು ಇಲ್ಲಿ ಸ್ಮರಿಸಬೇಕು. ವೃಷಭನಾಥನ ಓಲಗದಲ್ಲಿ ಕುಣಿಯುತ್ತಿದ್ದಂತೆಯೇ ಅವಳ ಆಯುಷ್ಯ ತೀರುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಅವಳಂತೆಯೇ ಇರುವ ಇನ್ನೊಬ್ಬಳನ್ನು ಆ ಕ್ಷಣದಲ್ಲೇ ನಿಲ್ಲಿಸುತ್ತಾನೆ. ಸಭೆ ನೃತ್ಯವನ್ನು ಮೆಚ್ಚುತ್ತಲೇ ಇರುತ್ತದೆ. ಒಬ್ಬ ವೃಷಭನಾಥ ಮಾತ್ರ ಸಾವನ್ನು ಕಾಣುತ್ತಾನೆ, ವಿರಕ್ತನಾಗುತ್ತಾನೆ. ನಾಟ್ಯವೊಂದೇ, ನೋಟ ಎರಡು. ನಾಟ್ಯವನ್ನು ನಮ್ಮ ಪರಂಪರೆ ದೂರವಿಟ್ಟಿಲ್ಲ. ಪಂಚಕಲ್ಯಾಣ ಮಹೋತ್ಸವಗಳಲ್ಲಿ ಈ ನೃತ್ಯವನ್ನು ಇಂದಿಗೂ ಆಡಿ ತೋರಿಸುತ್ತೇವೆ. ಆದರೆ ಫಲವು ನೋಡುವವನ ಎಚ್ಚರದಲ್ಲಿದೆ ಎಂಬ ಶರತ್ತು ಅದಕ್ಕಿದೆ.

ನಾಟಕದಲ್ಲಿ ಆಕ್ಷೇಪಾರ್ಹವಾದುದು ನನ್ನ ದೃಷ್ಟಿಯಲ್ಲಿ ಬೇಟೆಯ ದೃಶ್ಯಕ್ಕಿಂತ ಒಂದು ವಾದ. ತಂದೆ ಸಿಂಹ ಮಗನಿಗೆ, ಇರುವೆಯಿಂದ ಜಿಂಕೆಯವರೆಗೆ ಎಲ್ಲ ಜೀವಿಗಳನ್ನೂ ಗೌರವಿಸಬೇಕೆಂದು ಹೇಳುತ್ತಾನೆ. ಒಳ್ಳೆಯ ಮಾತು. ಆದರೆ ನಾವು ಜಿಂಕೆಯನ್ನು ತಿನ್ನುತ್ತೇವಲ್ಲ ಎಂದು ಮಗ ಕೇಳಿದಾಗ, ನಾವು ಸತ್ತಾಗ ನಮ್ಮ ದೇಹ ಹುಲ್ಲಾಗುತ್ತದೆ, ಆ ಹುಲ್ಲನ್ನು ಜಿಂಕೆ ಮೇಯುತ್ತದೆ, ಹೀಗೆ ಎಲ್ಲವೂ ಒಂದು ಚಕ್ರ ಎಂಬ ಸಮಾಧಾನ ಬರುತ್ತದೆ. ಕೇಳಲು ಇಂಪಾದ ಈ ಮಾತಿನಲ್ಲಿ ಲೋಕದ ವರ್ಣನೆ ಇದೆ, ಧರ್ಮದ ಸಮರ್ಥನೆ ಇಲ್ಲ. ಹುಲ್ಲಾಗುವುದು ಪುದ್ಗಲ. ನೋವುಂಡದ್ದು ಜೀವ. ಇಂದು ಸತ್ತ ಜಿಂಕೆಯ ವೇದನೆಗೆ ಮುಂದೆಂದೋ ಬೇರೊಂದು ಜಿಂಕೆ ಮೇಯುವ ಹುಲ್ಲು ಹೇಗೆ ಪರಿಹಾರವಾದೀತು? ಜೀವಗಳು ಒಂದಕ್ಕೊಂದು ಉಪಕಾರಿಗಳೆಂದು ತತ್ತ್ವಾರ್ಥಸೂತ್ರ ಹೇಳುತ್ತದೆಯೇ ಹೊರತು ಒಂದಕ್ಕೊಂದು ಆಹಾರವಾಗುವುದೇ ಉಪಕಾರವೆಂದು ಹೇಳುವುದಿಲ್ಲ. ನಿಸರ್ಗದಲ್ಲಿ ಇರುವುದೆಲ್ಲ ಆಚರಣೆಗೆ ಯೋಗ್ಯವೆಂದಾದರೆ ತಮ್ಮನು ಅಣ್ಣನ ಸಿಂಹಾಸನ ಕಸಿದುದನ್ನೂ ತಪ್ಪೆನ್ನಲಾಗದು.

ಮಕ್ಕಳು ಇದನ್ನು ನಮಗಿಂತ ಬೇಗ ಗುರುತಿಸುತ್ತಾರೆ. ಓಡಿಹೋದ ಮರಿ ಸಿಂಹ ಕಾಡುಹಂದಿಯ ಮತ್ತು ಅದರ ಗೆಳೆಯನ ಸಹವಾಸದಲ್ಲಿ ಹುಳುಹುಪ್ಪಟೆ ತಿಂದು ಬೆಳೆಯುತ್ತದೆ. ತಾಲೀಮಿನಿಂದ ಬಂದ ಮೊಮ್ಮಗಳು ಒಂದು ದಿನ ಕೇಳಿದಳು: “ತಾತ, ಜಿಂಕೆ ಬಿಟ್ಟು ಹುಳು ತಿಂದರೆ ಅದು ಅಹಿಂಸೆಯಾ? ಎರೆಹುಳುವಿಗೆ ಎರಡು ಇಂದ್ರಿಯ, ಇರುವೆಗೆ ಮೂರು ಅಂತ ಪಾಠಶಾಲೆಯಲ್ಲಿ ಹೇಳಿಕೊಟ್ಟಿದ್ದಾರಲ್ಲ?” ಪಂಚೇಂದ್ರಿಯ ಜೀವಿಯ ಹಿಂಸೆಗಿಂತ ಅದು ಕಡಿಮೆಯಾದರೂ ಹಿಂಸೆಯೇ ಎಂದೆ. “ಹಾಗಾದರೆ ಸಿಂಹ ಏನು ಮಾಡಬೇಕು? ಅದು ಸಿಂಹ ಅಲ್ಲವಾ?” ಎಂದಳು. ಇಡೀ ಚರ್ಚೆಯ ತಿರುಳು ಈ ಪ್ರಶ್ನೆಯಲ್ಲಿತ್ತು.

ಅವಳಿಗೆ ನಾನು ಇನ್ನೊಂದು ಸಿಂಹದ ಕಥೆ ಹೇಳಿದೆ. ಗುಣಭದ್ರಾಚಾರ್ಯರ ‘ಉತ್ತರಪುರಾಣ’ದಲ್ಲಿ ಅದು ಇದೆ. ಹಿಮವತ್ಪರ್ವತದ ಒಂದು ಸಿಂಹ ಜಿಂಕೆಯನ್ನು ಹಿಡಿದು ತಿನ್ನುತ್ತಿತ್ತು. ಆಕಾಶಮಾರ್ಗದಲ್ಲಿ ಹೋಗುತ್ತಿದ್ದ ಇಬ್ಬರು ಚಾರಣಮುನಿಗಳು ಅದನ್ನು ಕಂಡು ಕೆಳಗಿಳಿದರು. ಓಡಿಸಲಿಲ್ಲ, ಶಪಿಸಲಿಲ್ಲ. ಹಿಂದಿನ ಭವಗಳಲ್ಲಿ ಅದು ಯಾರಾಗಿತ್ತು, ಏನೇನು ಅನುಭವಿಸಿತು ಎಂಬುದನ್ನು ಹೇಳಿದರು. ಸಿಂಹಕ್ಕೆ ಪೂರ್ವಜನ್ಮದ ನೆನಪು ಬಂತು, ಕಣ್ಣೀರು ಹರಿಯಿತು. ಅದು ಸಮ್ಯಕ್ತ್ವವನ್ನು ಪಡೆದು, ವ್ರತವನ್ನು ಹಿಡಿದು, ಮಾಂಸವನ್ನು ಬಿಟ್ಟು, ಆಹಾರತ್ಯಾಗದಿಂದ ಶಾಂತವಾಗಿ ದೇಹ ತೊರೆಯಿತು. ಆ ಜೀವವೇ ಮುಂದೆ ವರ್ಧಮಾನ ಮಹಾವೀರನಾಯಿತು. ಸಿಂಹವೇ ಅವನ ಲಾಂಛನ.

ಬ್ರಾಡ್‌ವೇ ನಾಟಕದ ಒಂದು ರಂಗತಂತ್ರ ಇಲ್ಲಿ ನೆನಪಾಗುತ್ತದೆ. ಟೇಮರ್ ಅವರು ಸಿಂಹದ ಮುಖವಾಡವನ್ನು ನಟನ ಮುಖಕ್ಕೆ ಮುಚ್ಚದೆ ತಲೆಯ ಮೇಲೆ ನಿಲ್ಲಿಸಿದರು. ಮೇಲೆ ಸಿಂಹ, ಕೆಳಗೆ ಮನುಷ್ಯ, ಎರಡೂ ಒಟ್ಟಿಗೆ ಕಾಣುತ್ತವೆ. ನಮ್ಮ ಪರಿಭಾಷೆಯಲ್ಲಿ ಮುಖವಾಡವು ಪರ್ಯಾಯ, ಅದನ್ನು ಹೊತ್ತ ಜೀವವು ದ್ರವ್ಯ. ಸಿಂಹತ್ವ ಬಂದು ಹೋಗುವಂಥದು. ಒಳಗಿರುವವನು ಅದಕ್ಕೆ ಕಟ್ಟುಬಿದ್ದವನಲ್ಲ. ಹುಟ್ಟೇ ಹಾಗೆ, ಸ್ವಭಾವವೇ ಹಾಗೆ ಎಂಬ ನೆವವನ್ನು ಹಿಮವತ್ಪರ್ವತದ ಸಿಂಹವೇ ಒಪ್ಪಲಿಲ್ಲವೆಂದ ಮೇಲೆ, ಮನುಷ್ಯರಾದ ನಾವು ನಮ್ಮ ಕೋಪಕ್ಕೂ ಲೋಭಕ್ಕೂ ಅದೇ ನೆವ ಹೇಳುವುದು ಹೇಗೆ?

ಮೊಮ್ಮಗಳು ಪಾತ್ರವನ್ನು ಬಿಡಲಿಲ್ಲ. ಬಿಡೆಂದು ನಾನೂ ಹೇಳಲಿಲ್ಲ. ನಾಟಕದ ದಿನ ಬೆಳಕಿರುವಾಗಲೇ ಊಟ ಮುಗಿಸಿ ಮನೆಮಂದಿಯೆಲ್ಲ ಹೋದೆವು. ಬೇಟೆ ಮುಗಿದು ಸಭಾಂಗಣ ಚಪ್ಪಾಳೆಯಿಂದ ತುಂಬಿದಾಗ ನನ್ನ ಪತ್ನಿ ಕೈ ಮಡಿಚಿ ಕುಳಿತಿದ್ದಳು. ಮೊಮ್ಮಗಳು ಉರುಳಿದ ಜಿಂಕೆಯ ಪಕ್ಕದಲ್ಲಿ, ಕಲಿಸಿದ್ದಕ್ಕಿಂತ ಒಂದು ಕ್ಷಣ ಹೆಚ್ಚು ತಲೆ ತಗ್ಗಿಸಿ ನಿಂತಳು. ಮನೆಗೆ ಮರಳುವಾಗ ಅಜ್ಜಿ ಅವಳ ಕೈ ಹಿಡಿದು, “ಆ ಮುನಿಗಳ ಕಥೆ ಇನ್ನೊಂದು ಸಲ ನೀನೇ ಹೇಳು” ಎಂದಳು. ನಡುಮನೆಯ ವಿವಾದ ಅಲ್ಲಿಗೆ ಮುಗಿಯಿತು.

ಬಸದಿಗಳ ಆಡಳಿತ ಮಂಡಳಿಯವರಲ್ಲಿ ಎರಡು ವಿನಂತಿಗಳಿವೆ. ಮಕ್ಕಳಿಂದ ಇಂತಹ ನಾಟಕ ಆಡಿಸುವುದಾದರೆ ಹಕ್ಕುಳ್ಳವರ ಅನುಮತಿ ಪಡೆದು, ಶುಲ್ಕ ತೆತ್ತು ಆಡಿಸಬೇಕು; ಒಡೆಯನು ಕೊಡದುದನ್ನು ಮುಟ್ಟದಿರುವ ವ್ರತ ಹಾಡಿಗೂ ಮಾತಿಗೂ ಅನ್ವಯಿಸುತ್ತದೆ. ಎರಡನೆಯದು, ನಾಟಕವಾದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಅವರ ಪ್ರಶ್ನೆಗಳನ್ನು ಕೇಳಬೇಕು. ಹಿಮವತ್ಪರ್ವತದ ಸಿಂಹವನ್ನೂ ನಮ್ಮ ಮಕ್ಕಳು ಒಂದು ವರ್ಷ ಹಾಡಿ ಕುಣಿದು ತೋರಿಸಲಿ.

ಜನ್ನನ ಕಾವ್ಯದಲ್ಲಿ ಮಾರಿದತ್ತನ ಕತ್ತಿಯನ್ನು ತಡೆದವರು ಸೈನಿಕರಲ್ಲ, ಪಂಡಿತರಲ್ಲ. ಬಲಿಗೆಂದು ಎಳೆತಂದಿದ್ದ ಅಭಯರುಚಿ, ಅಭಯಮತಿ ಎಂಬ ಇಬ್ಬರು ಮಕ್ಕಳು ಅವನೆದುರು ನಿಂತು ತಮ್ಮ ಕಥೆ ಹೇಳಿದರು. ರಾಜ ಕೊನೆಯವರೆಗೂ ಕೇಳಿದ, ಕೊಲ್ಲಲಾರದೆ ಹೋದ. ನಮ್ಮ ಮಕ್ಕಳು ರಂಗವೇರಿ ಕಥೆ ಹೇಳುವಾಗ ನಾವೂ ಅಷ್ಟು ಎಚ್ಚರದಿಂದ ಕೇಳುವೆವೇ?